ಮೂರಕ್ಕಿಂತ ಐದು ದೊಡ್ಡದು ಎಂದ ಹುಡುಗ

ಆ ಹುಡುಗನ ನೋಟ್‌ಬುಕ್ಕಿನಲ್ಲಿ 3 > 5 ಎಂದು ಬರೆದಿತ್ತು. ಅದರ ಕೆಳಗೆ 2 > 7. ಅದರ ಕೆಳಗೆ 4 > 9. ಹತ್ತು ಲೆಕ್ಕ, ಹತ್ತೂ ತಿರುಗುಮುರುಗು. ಹತ್ತಕ್ಕೂ ಕೆಂಪು ಗೀಟು ಎಳೆದು ಪುಸ್ತಕ ವಾಪಸ್ ಕೊಟ್ಟೆ. ಒಂದನೇ ತರಗತಿಯ ಮಗು, ಆರು ವರ್ಷ. ಅವನು ಅಳಲಿಲ್ಲ. ಪುಸ್ತಕವನ್ನೂ ನನ್ನನ್ನೂ ಒಂದೆರಡು ಸಲ ನೋಡಿ, "ನೀವು ಹೇಳ್ದಂಗೇ ಬರ್ದಿದೀನಿ ಮಿಸ್" ಅಂದ.

"ಸರಿ, ಮೂರು ಐದು ಎರಡ್ರಲ್ಲಿ ಯಾವುದು ದೊಡ್ಡದು ಹೇಳು?"

"ಐದು."

"ಮತ್ತೆ ಹೀಗ್ಯಾಕೆ ಬರ್ದೆ?"

ಅವನು ಬೆರಳಿಟ್ಟು ಓದಿ ತೋರಿಸಿದ. "ಮೂರ... ಕ್ಕಿಂತ... ಐದು ದೊಡ್ಡದು." ‘ಕ್ಕಿಂತ’ ಅನ್ನುವಾಗ ಅವನ ಬೆರಳು ಸರಿಯಾಗಿ ಆ ಚಿಹ್ನೆಯ ಮೇಲಿತ್ತು.

ಆಗ ನಾನು ಪಾಠ ಮಾಡಲು ಶುರುಮಾಡಿ ಆರು ವರ್ಷವಾಗಿತ್ತು. ಈಗ ಹದಿನೇಳಾಗಿದೆ. ಈ ಹದಿನೇಳು ವರ್ಷದಲ್ಲಿ ಗಣಿತ ಕಲಿಸುವುದರ ಬಗ್ಗೆ ನನಗೆ ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರೆ, ಅದರಲ್ಲಿ ದೊಡ್ಡ ಪಾಲು ಆ ಬೆರಳಿನದು.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ನಾವು ‘ಐದು ಮೂರಕ್ಕಿಂತ ದೊಡ್ಡದು’ ಅನ್ನುತ್ತೇವೆ, ‘ಮೂರಕ್ಕಿಂತ ಐದು ದೊಡ್ಡದು’ ಅಂತಲೂ ಅನ್ನುತ್ತೇವೆ. ‘ಕ್ಕಿಂತ’ ಯಾವ ಸಂಖ್ಯೆಗೆ ಅಂಟಿಕೊಂಡಿದೆ ಎಂಬುದಷ್ಟೇ ಮುಖ್ಯ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದು ಲೆಕ್ಕಕ್ಕಿಲ್ಲ. ಆದರೆ ಬರೆಯುವ ಚಿಹ್ನೆಗೆ ಕ್ರಮವೇ ಎಲ್ಲ. ಇಂಗ್ಲಿಷ್‌ನಲ್ಲಿ ‘ಫೈವ್ ಈಸ್ ಗ್ರೇಟರ್ ದ್ಯಾನ್ ತ್ರೀ’ ಎಂದು ಹೇಳುತ್ತಾ ಹೋದರೆ, 5 > 3 ಎಂಬ ಬರಹದ ಮೇಲೆ ಬೆರಳು ಎಡದಿಂದ ಬಲಕ್ಕೆ ನೇರವಾಗಿ ಸರಿಯುತ್ತದೆ. ನಡುವಿನ ಚಿಹ್ನೆಗೆ ನಡುವಿನ ಮಾತು ಹೊಂದುತ್ತದೆ. ಕನ್ನಡದಲ್ಲಿ ‘ದೊಡ್ಡದು’ ಬರುವುದು ಮಾತಿನ ಕೊನೆಗೆ, ಚಿಹ್ನೆ ಇರುವುದು ನಡುವೆ. ಐದು ಎಂದು ಓದಿ, ಚಿಹ್ನೆಯನ್ನು ದಾಟಿ ಮೂರಕ್ಕೆ ಹೋಗಿ ‘ಮೂರಕ್ಕಿಂತ’ ಎಂದು, ಮತ್ತೆ ಹಿಂದಕ್ಕೆ ಬಂದು ‘ದೊಡ್ಡದು’ ಎನ್ನಬೇಕು. ದೊಡ್ಡವರಾದ ನಮಗೆ ಕಣ್ಣು ಹೀಗೆ ಕುಪ್ಪಳಿಸುವುದು ಗೊತ್ತೇ ಆಗುವುದಿಲ್ಲ. ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿತ ಮಗುವಿಗೆ ಅದು ದೊಡ್ಡ ಹಾರಾಟ. ನಾನು ತರಗತಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ‘ಮೂರಕ್ಕಿಂತ ಐದು ದೊಡ್ಡದು’ ಎನ್ನುತ್ತಿದ್ದೆ. ಕಪ್ಪುಹಲಗೆಯ ಮೇಲೆ 5 > 3 ಎಂದು ಬರೆಯುತ್ತಿದ್ದೆ. ಬಾಯಿ ಒಂದು ದಾರಿ, ಕೈ ಇನ್ನೊಂದು ದಾರಿ. ಆ ಹುಡುಗ ನನ್ನ ಬಾಯಿಯನ್ನು ನಂಬಿದ್ದ.

ಮರುದಿನ ಅವನ ಪುಸ್ತಕ ತರಿಸಿಕೊಂಡು, ಕೆಂಪು ಗೀಟುಗಳ ಪಕ್ಕ "ನೀನು ಹೇಳಿದ್ದು ಸರಿ" ಎಂದು ಬರೆದೆ. ಓದಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮೊಸಳೆಯ ಕತೆಯನ್ನೂ ಹೇಳಬೇಕು. ಬಾಯಿ ತೆರೆದ ಮೊಸಳೆ ಯಾವಾಗಲೂ ದೊಡ್ಡ ಸಂಖ್ಯೆಯ ಕಡೆಗೇ ತಿರುಗುತ್ತದೆ ಎಂದು ನಾನೂ ಕಲಿಸಿದವಳು. ಮಕ್ಕಳಿಗೆ ಬಲು ಇಷ್ಟ. ಚಿಹ್ನೆಗೆ ಹಲ್ಲು ಬರೆಯುತ್ತಾರೆ, ಕಣ್ಣು ಬರೆಯುತ್ತಾರೆ. ಪರೀಕ್ಷೆಯಲ್ಲಿ ಎಲ್ಲ ಸರಿ ಮಾಡುತ್ತಾರೆ. ಒಮ್ಮೆ ಸುಮ್ಮನೆ 3 < 5 ಎಂದು ಬರೆದು, "ಇದನ್ನ ಓದು" ಎಂದು ಒಬ್ಬಳನ್ನು ಕೇಳಿದೆ. "ಮೊಸಳೆ ಐದನ್ನ ತಿನ್ನುತ್ತೆ" ಅಂದಳು. "ಮೂರಕ್ಕೂ ಐದಕ್ಕೂ ಏನು ಸಂಬಂಧ?" ಅಂದರೆ, "ಮೂರನ್ನ ತಿನ್ನಲ್ಲ." ಅಷ್ಟೇ. ‘ಮೂರು ಐದಕ್ಕಿಂತ ಚಿಕ್ಕದು’ ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ. ಅವಳ ಕಣ್ಣಿಗೆ > ಮತ್ತು < ಎರಡೂ ಒಂದೇ ಪ್ರಾಣಿ, ಮುಖ ತಿರುಗಿಸಿಕೊಂಡಿದೆ ಅಷ್ಟೆ. ಒಂದು ‘ದೊಡ್ಡದು’ ಎನ್ನುತ್ತದೆ, ಇನ್ನೊಂದು ‘ಚಿಕ್ಕದು’ ಎನ್ನುತ್ತದೆ ಎಂಬುದು ಅವಳಿಗೆ ಬೇಕಾಗಿಯೇ ಇರಲಿಲ್ಲ. ನಾನು ಕಲಿಸಿದ್ದು ಉತ್ತರ ಬರೆಯುವ ಉಪಾಯ. ಓದಲು ಕಲಿಸಿರಲಿಲ್ಲ.

ಆ ವರ್ಷ ಮೊಸಳೆಯನ್ನು ಬಿಟ್ಟೆ. ಅದರ ಜಾಗಕ್ಕೆ ಏನು ತರುವುದು ಎಂದು ಯೋಚಿಸುತ್ತಿದ್ದಾಗ ಸಹಾಯಕ್ಕೆ ಬಂದದ್ದು ಚಿಹ್ನೆಗಳ ಹಳೆಯ ಕತೆ. ಸಮ ಚಿಹ್ನೆಯನ್ನು ಮೊದಲು ಬಳಸಿದವನು ರಾಬರ್ಟ್ ರೆಕಾರ್ಡ್, 1557ರಲ್ಲಿ ಅಚ್ಚಾದ ತನ್ನ ಬೀಜಗಣಿತದ ಪುಸ್ತಕದಲ್ಲಿ. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಬೇರೆ ಇರಲಾರವು ಎಂದು ಅವನೇ ಕಾರಣ ಕೊಟ್ಟಿದ್ದಾನೆ. > ಮತ್ತು < ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್‌ನ ಪುಸ್ತಕದಲ್ಲಿ. ಆ ಹೊತ್ತಿಗೆ ಅವನು ತೀರಿಕೊಂಡು ಹತ್ತು ವರ್ಷವಾಗಿತ್ತು. ಸಮಾಂತರ ಗೆರೆ ಎಂದರೆ ಎರಡೂ ತುದಿಯಲ್ಲಿ ಅಂತರ ಒಂದೇ. ಹಾಗಾದರೆ ಒಂದು ತುದಿಯಲ್ಲಿ ಅಂತರ ಹೆಚ್ಚಿ, ಇನ್ನೊಂದು ತುದಿಯಲ್ಲಿ ಕಡಿಮೆಯಾದರೆ? ಇದನ್ನು ಮಕ್ಕಳ ಕೈಗೇ ಕೊಡಬಹುದು ಅನ್ನಿಸಿತು.

ನಾನು ಮಾಡುವುದು ಇಷ್ಟು. ಎರಡು ಸ್ಕೇಲು, ಒಂದೇ ಅಳತೆಯ ಮರದ ಬ್ಲಾಕುಗಳು. ಒಂದು ಸ್ಕೇಲನ್ನು ಮೇಜಿನ ಮೇಲೆ ಮಲಗಿಸಿ, ಅದರ ಎರಡು ತುದಿಯಲ್ಲಿ ಎರಡು ಗೋಪುರ ಕಟ್ಟಿಸುತ್ತೇನೆ, ಎಡಕ್ಕೆ ಐದು ಬ್ಲಾಕು, ಬಲಕ್ಕೆ ಮೂರು. ಗೋಪುರಗಳ ತಲೆಯ ಮೇಲೆ ಇನ್ನೊಂದು ಸ್ಕೇಲು. ಅದು ಬಲಕ್ಕೆ ಇಳಿಜಾರಾಗುತ್ತದೆ. ಎರಡೂ ಸ್ಕೇಲುಗಳನ್ನು ಪಕ್ಕದಿಂದ ನೋಡಿದರೆ ಎಡಗಡೆ ಬಾಯಿ ಅಗಲ, ಬಲಗಡೆ ಕಿರಿದು. ಆ ಎರಡು ಗೆರೆಗಳನ್ನು ಬಲಕ್ಕೆ ಎಳೆದು ಕೂಡಿಸಿ ಬರೆದರೆ > ಬಂತು. ಎಡಗಡೆಯ ಗೋಪುರದಿಂದ ಎರಡು ಬ್ಲಾಕು ತೆಗೆಸಿದರೆ ಸ್ಕೇಲುಗಳು ಸಮಾಂತರವಾಗುತ್ತವೆ, = ಬಂತು. ಇನ್ನೂ ಒಂದು ತೆಗೆದರೆ ಇಳಿಜಾರು ತಿರುಗಿ < ಬಂತು. ಮೂರು ಚಿಹ್ನೆಗಳೂ ಒಂದೇ ಮನೆಯವು ಎಂದು ನಾನು ಹೇಳಬೇಕಾಗಿಲ್ಲ. ಮೊಸಳೆಯ ಮುಂದೆ 4, 4 ಇಟ್ಟರೆ ಅದು ಏನು ಮಾಡಬೇಕೋ ತಿಳಿಯದೆ ಮಕ್ಕಳು ಗಲಿಬಿಲಿಗೊಳ್ಳುತ್ತಿದ್ದರು. ಸ್ಕೇಲಿಗೆ ಆ ಗಲಿಬಿಲಿಯಿಲ್ಲ.

ಆದರೆ ಚಿಹ್ನೆ ಕೊನೆಯ ಮೆಟ್ಟಿಲು. ಬಹಳ ಮನೆಗಳಲ್ಲಿ, ಶಾಲೆಗಳಲ್ಲಿ ಅದನ್ನೇ ಮೊದಲ ಮೆಟ್ಟಿಲು ಮಾಡುತ್ತಾರೆ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಹೋಲಿಸುವುದು ಎಣಿಸುವುದಕ್ಕಿಂತಲೂ ಹಳೆಯದು. ಬಾಟಲಿಗಳನ್ನೂ ಮುಚ್ಚಳಗಳನ್ನೂ ಮೂರೂವರೆ ವರ್ಷದ ಮಗುವಿನ ಮುಂದೆ ಹಾಕಿ, ಒಂದೊಂದಕ್ಕೆ ಒಂದೊಂದು ಹಾಕಿಸಿ. ಕೊನೆಗೆ ಒಂದು ಬಾಟಲಿ ಬರಿತಲೆಯಲ್ಲಿ ನಿಂತರೆ, "ಇದಕ್ಕಿಲ್ಲ" ಎಂದು ಮಗು ತಾನೇ ಹೇಳುತ್ತದೆ. ಎಷ್ಟು ಬಾಟಲಿ, ಎಷ್ಟು ಮುಚ್ಚಳ ಎಂದು ಅದಕ್ಕೆ ಗೊತ್ತಿಲ್ಲ. ಯಾವುದು ಹೆಚ್ಚು ಎಂದು ಗೊತ್ತು. ಈ ಜೋಡಿಸುವ ಆಟ, ಈ ‘ಮಿಕ್ಕಿದ್ದು’, ‘ಸಾಲದ್ದು’ ಎಂಬ ಮಾತುಗಳು ಕೈಗೆ ಬಾಯಿಗೆ ಚೆನ್ನಾಗಿ ಹತ್ತಿದ ಮೇಲೆ ಅಂಕಿ ತರಬೇಕು.

ಎಣಿಸಲು ಬರುತ್ತದೆ ಎಂದ ಮಾತ್ರಕ್ಕೆ ಹೋಲಿಸಲು ಬರುತ್ತದೆ ಎಂದುಕೊಳ್ಳಬೇಡಿ. ಒಂದರಿಂದ ಹತ್ತರವರೆಗೆ ಪಟಪಟ ಹೇಳುವ ಮಗುವಿಗೆ "ನಾಲ್ಕು ಗುಂಡಿ ಕೊಡು" ಎಂದು ಅಂಗೈ ಚಾಚಿ ನೋಡಿ. ಎಷ್ಟೋ ಮಕ್ಕಳು ಒಂದು ಹಿಡಿ ಬಾಚಿ ಕೊಡುತ್ತಾರೆ. ಕ್ಯಾರನ್ ವಿನ್ ಎಂಬ ಸಂಶೋಧಕಿ 1990ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಮಕ್ಕಳು ಮೊದಲು ‘ಒಂದು’ ಎಂದರೆ ಎಷ್ಟು ಎಂದು ಕಲಿಯುತ್ತಾರೆ, ತಿಂಗಳುಗಳು ಕಳೆದ ಮೇಲೆ ‘ಎರಡು’, ಆಮೇಲೆ ‘ಮೂರು’. ಅದಾದ ಮೇಲೆಯೇ ಎಣಿಕೆಯ ಕೊನೆಯ ಪದ ಇಡೀ ಗುಂಪಿನ ಲೆಕ್ಕ ಎಂಬುದು ಹೊಳೆಯುವುದು. ಅದು ಹೊಳೆಯದ ಮಗುವನ್ನು ‘ಏಳು ದೊಡ್ಡದೋ ಎಂಟು ದೊಡ್ಡದೋ’ ಎಂದು ಕೇಳುವುದು, ಹಾಡಿನಲ್ಲಿ ಯಾವ ಪದ ದೊಡ್ಡದು ಎಂದು ಕೇಳಿದ ಹಾಗೆ.

ನನ್ನ ತಂಗಿಯ ಮಗಳಿಗೆ ನಾಲ್ಕು ತುಂಬಿದಾಗ ಅವಳ ಮುಂದೆ ಗುಂಡಿಗಳ ಎರಡು ಸಾಲು ಜೋಡಿಸಿದೆ. ಆರು ಕೆಂಪು, ಅವುಗಳ ಎದುರಿಗೇ ಆರು ಬಿಳಿ. "ಎರಡೂ ಅಷ್ಟೇ ಇದಾವೆ ದೊಡ್ಡಮ್ಮ" ಅಂದಳು. ಅವಳು ನೋಡುತ್ತಿದ್ದಂತೆಯೇ ಬಿಳಿ ಸಾಲನ್ನು ಅಗಲಿಸಿದೆ. ಈಗ? "ಬಿಳೀದು ಜಾಸ್ತಿ." ಎಣಿಸು ಅಂದೆ. ಎರಡನ್ನೂ ಎಣಿಸಿ ಆರು, ಆರು ಎಂದಳು. ಯಾವುದು ಜಾಸ್ತಿ? "ಬಿಳೀದು." ಇದು ಜಾನ್ ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ 1941ರ ತನ್ನ ಪುಸ್ತಕದಲ್ಲಿ ವಿವರಿಸಿದ ಪ್ರಯೋಗ. ಏಳರ ಆಸುಪಾಸಿನವರೆಗೆ ಮಕ್ಕಳು ಸಾಲಿನ ಉದ್ದಕ್ಕೆ ಮರುಳಾಗುತ್ತಾರೆ ಎಂಬುದು ಅವನ ತೀರ್ಮಾನ.

ಅದು ಪೂರ್ತಿ ಕತೆಯಲ್ಲ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಪ್ರಯೋಗವನ್ನು ಒಂದು ಸಣ್ಣ ಬದಲಾವಣೆಯೊಂದಿಗೆ ಮಾಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಬಂದ ಒಂದು ತುಂಟ ಕರಡಿಬೊಂಬೆ. ಆಗ ‘ಎರಡೂ ಅಷ್ಟೇ’ ಎಂದ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ಯಾಕೆ ಎಂದು ನನಗೆ ತರಗತಿಯಲ್ಲಿ ದಿನಾ ಕಾಣುತ್ತದೆ. ದೊಡ್ಡವರು ಒಂದು ಪ್ರಶ್ನೆ ಕೇಳಿ, ಏನೋ ಒಂದು ಮಾಡಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರ ಬದಲಾಗಬೇಕು ಎಂದು ಮಗು ತಿಳಿಯುತ್ತದೆ. ನಾನು ಕೂಡ ಸರಿ ಉತ್ತರ ಬಂದಾಗ ‘ಹೂಂ’ ಎಂದು ಮುಂದಕ್ಕೆ ಹೋಗುತ್ತಿದ್ದೆ, ತಪ್ಪಾದಾಗ ಮಾತ್ರ ‘ಇನ್ನೊಂದ್ಸಲ ನೋಡು’ ಎನ್ನುತ್ತಿದ್ದೆ. ಮಕ್ಕಳು ಅದನ್ನು ಕಲಿತುಬಿಟ್ಟಿದ್ದರು. ಈಗ ಸರಿಯಿದ್ದಾಗಲೂ ‘ಹೇಗೆ ಗೊತ್ತಾಯ್ತು?’ ಎಂದು ಕೇಳುತ್ತೇನೆ. ಮೊದಲ ಎರಡು ವಾರ ಎಲ್ಲರೂ ಸರಿಯಿದ್ದ ಉತ್ತರವನ್ನೇ ಬದಲಾಯಿಸುತ್ತಾರೆ. ಮೂರನೇ ವಾರದಿಂದ ಕಾರಣ ಹೇಳಲು ಶುರುಮಾಡುತ್ತಾರೆ.

ಇನ್ನು ಪದಗಳ ವಿಷಯ. ‘ದೊಡ್ಡದು’ ಎಂಬ ಪದಕ್ಕೆ ನಮ್ಮಲ್ಲಿ ಎಷ್ಟು ಕೆಲಸ ಕೊಟ್ಟಿದ್ದೇವೆ ನೋಡಿ. ನಾನು ನನ್ನ ತಂಗಿಗಿಂತ ಕುಳ್ಳಿ, ಆದರೂ ಅವಳ ಮಗಳಿಗೆ ದೊಡ್ಡಮ್ಮ. ಅಲ್ಲಿ ದೊಡ್ಡದು ಎಂದರೆ ವಯಸ್ಸು. ಚೆಂಡು ದೊಡ್ಡದು ಎಂದರೆ ಗಾತ್ರ. ಐದು ದೊಡ್ಡದು ಎಂದರೆ? ಒಮ್ಮೆ ಹಲಗೆಯ ಮೇಲೆ ಜಾಗ ಸಾಲದೆ 7ನ್ನು ಮೂಲೆಯಲ್ಲಿ ಪುಟ್ಟದಾಗಿ ಬರೆದಿದ್ದೆ, 2 ನಡುವೆ ದಪ್ಪಗಿತ್ತು. ಯಾವುದು ದೊಡ್ಡದು ಎಂದಾಗ ಅರ್ಧ ತರಗತಿ ಎರಡನ್ನು ತೋರಿಸಿತು. ಅವರು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದರು. ಅಂದಿನಿಂದ ವಸ್ತುಗಳಿಗೆ ‘ಹೆಚ್ಚು’, ‘ಕಡಿಮೆ’ ಎಂದೇ ಕೇಳುತ್ತೇನೆ. ಆ ಮಾತು ಗಟ್ಟಿಯಾದ ಮೇಲೆ, ‘ಹೆಚ್ಚು ವಸ್ತುಗಳನ್ನು ಹೇಳುವ ಸಂಖ್ಯೆಗೆ ದೊಡ್ಡ ಸಂಖ್ಯೆ ಅಂತೀವಿ’ ಎಂದು ಪರಿಚಯ ಮಾಡಿಸುತ್ತೇನೆ.

‘ಕಡಿಮೆ’ ಪಾಪ, ಯಾರೂ ಕೇಳದ ಪದ. ಒಂದು ವಾರ ನನ್ನ ಪ್ರಶ್ನೆಗಳನ್ನು ನಾನೇ ಗಮನಿಸಿದೆ. ಹೆಚ್ಚು ಯಾವುದು, ದೊಡ್ಡದು ಯಾವುದು, ಜಾಸ್ತಿ ಯಾರ ಹತ್ತಿರ, ಬರೀ ಇವೇ. ಡೊನಾಲ್ಡ್‌ಸನ್ ಅವರೇ ಜಾರ್ಜ್ ಬಾಲ್ಫೋರ್ ಜೊತೆ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದ ಮಕ್ಕಳಿಗೆ ರಟ್ಟಿನ ಎರಡು ಮರ ತೋರಿಸಿ ಯಾವುದರಲ್ಲಿ ಹಣ್ಣು ಕಡಿಮೆ ಎಂದು ಕೇಳಿದರೆ, ಬಹಳಷ್ಟು ಮಕ್ಕಳು ಹೆಚ್ಚಿದ್ದ ಮರವನ್ನೇ ತೋರಿಸಿದ್ದರು. ಪದವೇ ಇನ್ನೂ ನೆಲೆಯಾಗಿರಲಿಲ್ಲ. ಈಗ ನಾನು ಪ್ರತಿ ಜೋಡಿಗೂ ಎರಡೂ ಕಡೆಯಿಂದ ಕೇಳುತ್ತೇನೆ, ಜೊತೆಗೆ ‘ಎಷ್ಟು ಕಡಿಮೆ?’ ಎಂದೂ. ಕಳೆಯುವ ಲೆಕ್ಕಕ್ಕೆ ಅಲ್ಲಿಯೇ ಬಾಗಿಲು ತೆರೆಯುತ್ತದೆ. ಅದು ಬೇರೆ ದಿನದ ಮಾತು.

ತಂದೆತಾಯಿಗಳಿಗೆ ನನ್ನದೊಂದು ವಿನಂತಿ, ಆತುರ ಮಾಡಬೇಡಿ. 2 ಮತ್ತು 9ರಲ್ಲಿ ತಟ್ಟನೆ ಹೇಳುವ ಮಗು 8 ಮತ್ತು 9 ಎಂದಾಗ ತಡವರಿಸಿದರೆ ಅದು ದಡ್ಡತನ ಅಲ್ಲ. 1967ರಲ್ಲಿ ಮೋಯರ್ ಮತ್ತು ಲಾಂಡೌವರ್ ಅಳೆದು ನೋಡಿದಾಗ, ವಿದ್ಯಾವಂತ ವಯಸ್ಕರೂ ಹತ್ತಿರದ ಅಂಕಿಗಳನ್ನು ಹೋಲಿಸಲು ದೂರದ ಅಂಕಿಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು, ವ್ಯತ್ಯಾಸ ಸೆಕೆಂಡಿನ ಸಣ್ಣ ಭಾಗವಾದರೂ. ಆರು ತಿಂಗಳ ಕೂಸುಗಳು 8 ಚುಕ್ಕೆಗೂ 16 ಚುಕ್ಕೆಗೂ ಇರುವ ಭೇದ ಗುರುತಿಸುತ್ತವೆ, 8ಕ್ಕೂ 12ಕ್ಕೂ ಇರುವುದನ್ನು ಗುರುತಿಸುವುದಿಲ್ಲ ಎಂದು 2000ದಲ್ಲಿ ಷೂ ಮತ್ತು ಸ್ಪೆಲ್ಕಿ ತೋರಿಸಿದರು. ನಮ್ಮ ಮನಸ್ಸು ಇರುವುದೇ ಹಾಗೆ, ದೂರದ್ದು ಸುಲಭ, ಹತ್ತಿರದ್ದು ಕಷ್ಟ. ಹಾಗಾಗಿ ದೂರದ ಜೋಡಿಗಳಿಂದ ಶುರುಮಾಡಿ ನಿಧಾನಕ್ಕೆ ಹತ್ತಿರ ತನ್ನಿ.

ಮನೆಯಲ್ಲಿ ಆಡಲು ಒಂದೇ ಆಟ ಹೇಳಿ ಎಂದರೆ, ಉದ್ದ ರಟ್ಟಿನ ಮೇಲೆ ಸಾಲಾಗಿ ಹತ್ತು ಮನೆ ಬರೆದು 1ರಿಂದ 10ರವರೆಗೆ ಅಂಕಿ ಹಾಕಿ ಎನ್ನುತ್ತೇನೆ. ಒಂದು ಅಥವಾ ಎರಡು ಮನೆ ಮುಂದಕ್ಕೆ ಹೋಗುವ ಆಟ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಾಲೆಗೆ ಇನ್ನೂ ಸೇರದ ಮಕ್ಕಳು ಇಂಥ ಆಟವನ್ನು ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದಿಪ್ಪತ್ತು ನಿಮಿಷ ಆಡಿದರು. ಅಂಕಿಗಳನ್ನು ಹೋಲಿಸುವುದರಲ್ಲಿ ಚುರುಕಾದರು, ಒಂಬತ್ತು ವಾರದ ಮೇಲೆ ನೋಡಿದಾಗಲೂ ಆ ಚುರುಕು ಉಳಿದಿತ್ತು. ಅಂಕಿಯ ಬದಲು ಬರೀ ಬಣ್ಣಗಳಿದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಒಂದು ಸಂಗತಿ ಮರೆಯಬಾರದು. ಮಗು 5ರಲ್ಲಿ ನಿಂತಿದ್ದು ಎರಡು ಬಿದ್ದರೆ ‘ಒಂದು, ಎರಡು’ ಎಂದು ಹೋಗಬಾರದು, ಮನೆಯ ಹೆಸರು ಹಿಡಿದು ‘ಆರು, ಏಳು’ ಎಂದು ಹೋಗಬೇಕು. ಏಳು ಐದರ ಆಚೆಗಿದೆ ಎಂಬುದು ಆಗ ಕಾಯಿಗೂ ಗೊತ್ತು, ಕೈಗೂ ಗೊತ್ತು.

ಎರಡಂಕಿಯ ಸಂಖ್ಯೆ ಬಂದಾಗ ಹೊಸ ಗುಡ್ಡ. 39 ಮತ್ತು 41ರಲ್ಲಿ "39 ದೊಡ್ಡದು, ಅದ್ರಲ್ಲಿ ಒಂಬತ್ತಿದೆ" ಎನ್ನುವ ಮಗು ಪ್ರತಿ ವರ್ಷ ಇರುತ್ತದೆ. ಇಲ್ಲಿ ನಮ್ಮ ಭಾಷೆ ಕೈಹಿಡಿಯುತ್ತದೆ. ಮೂವತ್ತೊಂಬತ್ತು, ನಲವತ್ತೊಂದು. ಹತ್ತುಗಳು ಮೊದಲು ಕೇಳುತ್ತವೆ, ಬಿಡಿ ಆಮೇಲೆ. ಹತ್ತರ ಕಡ್ಡಿಕಟ್ಟುಗಳನ್ನು ಇಟ್ಟು, ‘ಮೂವತ್ತು’ ಎಂದು ಅಲ್ಲಿಗೇ ನಿಲ್ಲಿಸಿ, ‘ನಲವತ್ತು’ ಎಂದು ನಿಲ್ಲಿಸಿ, "ಈಗಲೇ ಹೇಳಬಹುದಾ, ಬಿಡಿಗೆ ಕಾಯಬೇಕಾ?" ಎಂದು ಕೇಳುತ್ತೇನೆ. ಮೂರು ಕಟ್ಟು ಮತ್ತು ಒಂಬತ್ತು ಕಡ್ಡಿಗೆ ಇನ್ನೊಂದು ಕಡ್ಡಿ ಸೇರಿದರೆ ನಾಲ್ಕನೇ ಕಟ್ಟು ಆಗುತ್ತದೆ ಎಂದು ಒಮ್ಮೆ ಕೈಯಾರೆ ರಬ್ಬರ್ ಬ್ಯಾಂಡ್ ಹಾಕಿ ನೋಡಿದ ಮಗು ಆ ಒಂಬತ್ತಕ್ಕೆ ಮತ್ತೆ ಹೆದರುವುದಿಲ್ಲ. ‘ಹೆಚ್ಚು ಅಂಕಿಗಳಿದ್ದ ಸಂಖ್ಯೆ ದೊಡ್ಡದು’ ಎಂಬ ಸುಲಭ ಸೂತ್ರವನ್ನು ಮಾತ್ರ ನಾನು ಕೊಡುವುದಿಲ್ಲ. ಅದನ್ನೇ ನಂಬಿ ದೊಡ್ಡ ತರಗತಿಗೆ ಹೋದ ಮಕ್ಕಳು 0.3ಕ್ಕಿಂತ 0.25 ದೊಡ್ಡದು ಎನ್ನುತ್ತಾರೆ.

ಈಗ ಚಿಹ್ನೆ ಓದಿಸುವಾಗ ಆ ಹುಡುಗನ ಬೆರಳನ್ನೇ ಬಳಸುತ್ತೇನೆ. ಮೊದಲ ಸಂಖ್ಯೆಯ ಮೇಲೆ ಬೆರಳಿಟ್ಟು ‘ಐದು’. ಬೆರಳು ಹಾರಿ ಆಚೆಯ ಸಂಖ್ಯೆಗೆ, ‘ಮೂರಕ್ಕಿಂತ’. ಬೆರಳು ವಾಪಸ್ ಚಿಹ್ನೆಗೆ, ‘ದೊಡ್ಡದು’. ಚಿಹ್ನೆ ಕಲಿಸುವ ಮೊದಲ ತಿಂಗಳು ‘ಮೂರಕ್ಕಿಂತ ಐದು’ ಎಂಬ ಮಾತನ್ನು ನಾನೇ ಆಡುವುದಿಲ್ಲ, ನಾಲಿಗೆಗೆ ಬಂದರೂ ತಡೆದುಕೊಳ್ಳುತ್ತೇನೆ. ಅದು ಗಟ್ಟಿಯಾದ ಮೇಲೆ ಎರಡೂ ರೀತಿ ಹೇಳಿ, ಎರಡಕ್ಕೂ ಬರೆಯಿಸುತ್ತೇನೆ.

ಮೊನ್ನೆ ಇಬ್ಬರು ಮೇಜಿನ ಆಚೆ ಈಚೆ ಎದುರುಬದುರು ಕೂತು ಗೋಪುರ ಕಟ್ಟಿ ಸ್ಕೇಲು ಇಟ್ಟಿದ್ದರು. ಈಚೆ ಕೂತವಳು ಸ್ಲೇಟಿನಲ್ಲಿ 5 > 3 ಎಂದು ಬರೆದಳು. ಆಚೆ ಕೂತವನು 3 < 5 ಎಂದು ಬರೆದ. ಸ್ಲೇಟು ತೋರಿಸಿಕೊಂಡು ಜಗಳ ಶುರುವಾಯಿತು. "ನಿಂದು ಉಲ್ಟಾ." "ನಿಂದೇ ಉಲ್ಟಾ." ನನ್ನನ್ನು ಕರೆದರು. ನಾನು ಹೋಗಿ ನಿಂತೆ, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಮೇಜು ಸುತ್ತಿ ಅವನ ಪಕ್ಕ ಹೋಗಿ ನಿಂತು ಗೋಪುರಗಳನ್ನು ನೋಡಿದಳು. ಬೆರಳಿಟ್ಟು, ಹಾರಿಸಿ, ವಾಪಸ್ ತಂದು, "ಮೂರು, ಐದಕ್ಕಿಂತ, ಚಿಕ್ಕದು" ಎಂದು ಓದಿದಳು. ಆಮೇಲೆ ಅವನನ್ನು ಕೈಹಿಡಿದು ತನ್ನ ಜಾಗಕ್ಕೆ ಎಳೆದುಕೊಂಡು ಬಂದಳು. "ಈಗ ಇಲ್ಲಿಂದ ಓದು" ಅಂದಳು.